ಕೈಕೆಲಸಕ್ಕೆ ‘ನಮ್ಮವರ ರೇಟು’ ಬೇಡ



ಯುಗಾದಿಯ ದಿನ ಹೋಳಿಗೆ ಊಟ ಮುಗಿದ ಮೇಲೆ ನಮ್ಮ ಸಂಘದ ಸರ್ವಸದಸ್ಯರ ಸಭೆ ನಡೆದದ್ದು ತಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಹಳ ಜನ ಉಳಿದಿರಲಿಲ್ಲ. ಉಳಿದವರೂ ಹೋಳಿಗೆ-ತುಪ್ಪದ ಭಾರಕ್ಕೆ ತೂಕಡಿಸುತ್ತಿದ್ದರು. ಲೆಕ್ಕಪತ್ರ ಒಪ್ಪಿಗೆಯಾಯಿತು, ಪಿಕ್‌ನಿಕ್ಕಿನ ತಾರೀಖು ಗೊತ್ತಾಯಿತು. ‘ಇತರೆ ವಿಷಯಗಳು’ ಎಂಬ ಕೊನೆಯ ಬಾಬಿನಲ್ಲಿ ಹಿರಿಯ ಸದಸ್ಯರೊಬ್ಬರು ಒಂದು ಸಲಹೆ ಮುಂದಿಟ್ಟರು. ರಾಜ್ಯೋತ್ಸವದಲ್ಲಿ ಟೇಬಲ್ ಹಾಕಿ ಬಟ್ಟೆಬರೆ, ಒಡವೆ ಮಾರುವ ಸದಸ್ಯರು ಸಂಘದವರಿಗೆ ನೂರಕ್ಕೆ 30ರಷ್ಟು ಕಡಿಮೆ ಬೆಲೆಗೆ ಕೊಡಬೇಕು, ಇಲ್ಲದಿದ್ದರೆ ಟೇಬಲ್ ಇಲ್ಲ. ಕಾರಣವನ್ನೂ ಅವರೇ ಹೇಳಿದರು: ‘ಇದು ಕನ್ನಡದ ಸೇವೆಯ ಜಾಗ, ಅಂಗಡಿಯಲ್ಲ. ಹೇಗೂ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಹವ್ಯಾಸಕ್ಕೆ ಮಾಡುವುದು ತಾನೆ?’

ಯಾರೂ ಎದ್ದು ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ, ಬಾಯಲ್ಲಿ ಎಲೆ ಅಡಿಕೆ ಇತ್ತು. ಸಲಹೆಯನ್ನು ‘ಕಾರ್ಯಕಾರಿ ಸಮಿತಿ ಪರಿಶೀಲಿಸಲಿ’ ಎಂದು ಬರೆದುಕೊಂಡು ಸಭೆ ಮುಗಿಸಿದರು. ಮನೆಗೆ ಬರುವ ದಾರಿಯಲ್ಲಿ, ಕಾರಿನಲ್ಲಿ, ಇಪ್ಪತ್ತು ಮೈಲಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅಂದು ಆಡಬೇಕಾಗಿದ್ದ ಮಾತನ್ನು ಇಂದು ಬರೆಯುತ್ತಿದ್ದೇವೆ. ಸಮಿತಿ ಆ ಸಲಹೆಯನ್ನು ಒಪ್ಪಬಾರದು.

‘ನಾವು’ ಎಂದರೆ ಯಾರೆಂದು ಮೊದಲು ಹೇಳಿಬಿಡುವುದು ನ್ಯಾಯ. ಒಂದೇ ಮನೆಯ ಇಬ್ಬರು. ಒಬ್ಬರು ಹುಬ್ಬಳ್ಳಿಯ ಕೆ.ಎಂ.ಸಿ.ಯಲ್ಲಿ ಎಂ.ಬಿ.ಬಿ.ಎಸ್. ಓದಿ, ಡೆಟ್ರಾಯಿಟ್‌ನಲ್ಲಿ ರೆಸಿಡೆನ್ಸಿ ಮುಗಿಸಿ, ಮಿಷಿಗನ್ನಿನ ಹಿಮ ಗೋರುತ್ತಲೇ ಐವತ್ತು ದಾಟಿದ ಡಾಕ್ಟರು. ಇನ್ನೊಬ್ಬರು ಧಾರವಾಡದಲ್ಲಿ ತಾಯಿಯ ಪಕ್ಕ ಕುಳಿತು ಕಸೂತಿ ಕಲಿತವರು. ಇಬ್ಬರೂ ಸೂಜಿ ಹಿಡಿದವರೇ ಎಂದು ಗೆಳೆಯರು ತಮಾಷೆ ಮಾಡುವುದುಂಟು. ಈ ಎರಡನೆಯವರು, ಅಂದರೆ ನಮ್ಮ ಶ್ರೀಮತಿಯವರು, ಮಕ್ಕಳು ಕಾಲೇಜಿಗೆ ಹೋದ ಮೇಲೆ 2023ರ ದೀಪಾವಳಿಗೆ ಇಂಟರ್ನೆಟ್ಟಿನಲ್ಲಿ ಒಂದು ಸಣ್ಣ ಅಂಗಡಿ ತೆರೆದರು. ಕಸೂತಿ ಹಾಕಿದ ಸ್ಟೋಲು, ಕುರ್ತಾ, ಖಣದ ಬಟ್ಟೆಯಲ್ಲಿ ಹೊಲಿದ ಕುಪ್ಪಸ ಮತ್ತು ಜಾಕೀಟು. ಕೆಲವನ್ನು ಅವರೇ ಮಾಡುತ್ತಾರೆ. ಉಳಿದದ್ದನ್ನು ಧಾರವಾಡದಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಮಾಡುತ್ತಾರೆ, ಅಲ್ಲಿ ವೈನಿಯವರು ಮೇಲ್ವಿಚಾರಣೆ ನೋಡುತ್ತಾರೆ. ಹಾಗಾಗಿ ಈ ವಿಷಯದಲ್ಲಿ ನಮಗೆ ಸ್ವಾರ್ಥವಿದೆ. ಸ್ವಾರ್ಥವಿದೆ ಎಂದು ತಿಳಿದೇ ಓದಿರಿ. ಆದರೆ ಈ ಬರಹದಲ್ಲಿ ಮೊದಲ ತಪ್ಪಿತಸ್ಥರೂ ನಾವೇ.

ಕಸೂತಿ ಏನೆಂದು ಮೈಸೂರು ಕಡೆಯ ಸದಸ್ಯರಿಗಾಗಿ ಎರಡು ಮಾತು. ಕೈ ಮತ್ತು ಸೂತ ಸೇರಿ ಕಸೂತಿ ಆಯಿತೆಂದು ಹೇಳುವುದುಂಟು. ಧಾರವಾಡದ ಸುತ್ತಿನ ಕಲೆ. ಹಿಂದೆ ಇಲಕಲ್ ಸೀರೆಯ ಮೇಲೆ, ಮದುವೆಯ ಕರಿ ಚಂದ್ರಕಾಳಿ ಸೀರೆಯ ಮೇಲೆ ಹಾಕುತ್ತಿದ್ದರು. ಗೋಪುರ, ತೇರು, ಆನೆ, ತುಳಸಿಕಟ್ಟೆ, ಪಲ್ಲಕ್ಕಿ ಎಲ್ಲವೂ ಸೂಜಿಯಲ್ಲೇ ಮೂಡಬೇಕು. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ ಬಿಟ್ಟ ಜಾಗ ತುಂಬಿಕೊಂಡು ಬರಬೇಕು. ಹಾಗಾಗಿ ಬಟ್ಟೆಯ ಹಿಂದೂ ಮುಂದೂ ಒಂದೇ ಚಿತ್ರ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ, ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತಿ ಮೆಂತ್ಯದ ಕಾಳು ಚೆಲ್ಲಿದ ಹಾಗೆ. ಬಟ್ಟೆಯ ಮೇಲೆ ಮೊದಲೇ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಎಲ್ಲೋ ಒಂದು ಕಡೆ ನಾಲ್ಕರ ಬದಲು ಐದು ಎಳೆ ಎಣಿಸಿದರೆ ಅರ್ಧ ಗೇಣು ಮುಂದೆ ಹೋದ ಮೇಲೆ ತೇರಿನ ಗಾಲಿ ಕೂಡುವುದಿಲ್ಲ. ಆಗ ಬಿಚ್ಚಬೇಕು. ಎರಡು ತುದಿಗೂ ಅಂಚು ಹಾಕಿದ ಒಂದು ಸ್ಟೋಲಿಗೆ, ಕೈ ಪಳಗಿದವರಿಗೆ, 30 ಗಂಟೆ ಬೇಕು. ಇದು ಪುಸ್ತಕದ ಲೆಕ್ಕವಲ್ಲ. ನಮ್ಮ ಊಟದ ಮೇಜಿನ ಮೇಲೆ ಗಡಿಯಾರ ಇಟ್ಟು ನೋಡಿದ ಲೆಕ್ಕ.

ಆದರೆ ಅಂಗಡಿ ತೆರೆದಾಗ ಈ ಗಡಿಯಾರ ನಮ್ಮ ಬಳಿ ಇರಲಿಲ್ಲ. ಬೆಲೆ ಇಟ್ಟದ್ದು ಹೇಗೆಂದರೆ, ‘ಎಷ್ಟಿದ್ದರೆ ನಮ್ಮವರು ಬೈಯುವುದಿಲ್ಲ?’ ಎಂದು ಕೇಳಿಕೊಂಡು. ಸ್ಟೋಲಿಗೆ 68 ಡಾಲರ್, ಅಂಚೆಯ ಖರ್ಚು ಸೇರಿ. ಧಾರವಾಡದಲ್ಲಿ ಕಸೂತಿ ಹಾಕಿದವರಿಗೆ ಒಂದಕ್ಕೆ 900 ರೂಪಾಯಿ. ಅಲ್ಲಿ ಎಲ್ಲರೂ ಕೊಡುವುದು ಸುಮಾರು ಅಷ್ಟೇ ಎಂದು ಯಾರೋ ಹೇಳಿದರು, ನಾವು ಒಪ್ಪಿಕೊಂಡೆವು. 30 ಗಂಟೆಗೆ 900 ರೂಪಾಯಿ ಎಂದರೆ ಗಂಟೆಗೆ 30 ರೂಪಾಯಿ ಎಂದು ಭಾಗಿಸಿ ನೋಡಲು ಮೆಡಿಕಲ್ ಕಾಲೇಜಿನ ಓದು ಬೇಕಾಗಿರಲಿಲ್ಲ. ನಾವು ಭಾಗಿಸಲಿಲ್ಲ.

ಬೈಗುಳ ತಪ್ಪಿತೇ? ಇಲ್ಲ. ಮೊದಲ ವರ್ಷ ರಾಜ್ಯೋತ್ಸವದ ಟೇಬಲ್ಲಿನ ಹಿಂದೆ ನಿಂತವರಿಗೆ ಸಿಕ್ಕ ಮಾತುಗಳನ್ನು ಬರೆದಿಟ್ಟುಕೊಂಡಿದ್ದೇವೆ. ‘ಅರವತ್ತೆಂಟಾ? ಚಿಕ್ಕಪೇಟೆಯಲ್ಲಿ ಇಂಥದ್ದು ನಾನೂರು ರೂಪಾಯಿ.’ ‘ನಮಗೆಲ್ಲ ನಮ್ಮವರ ರೇಟು ಹಾಕಿ ಮೇಡಂ.’ ‘ನಮ್ಮ ಮಗಳ ಅರಂಗೇಟ್ರಂಗೆ ಆರು ಬೇಕು, ಐದರ ದುಡ್ಡು ತಗೊಳ್ಳಿ.’ ಒಬ್ಬರಂತೂ ಸ್ಟೋಲನ್ನು ಹೆಗಲ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡು, ‘ಊರಿಗೆ ಹೋದಾಗ ಇದನ್ನೇ ತೋರಿಸಿ ಮಾಡಿಸ್ತೀನಿ’ ಎಂದು ಮಡಿಚಿ ಇಟ್ಟು ಹೋದರು. ನಾವು ನಾಚಿಕೆಗೆ ಬಿದ್ದು ಸಂಘದವರಿಗೆಲ್ಲ ಕಾಲು ಭಾಗ ಬಿಟ್ಟು 51 ಡಾಲರಿಗೆ ಕೊಟ್ಟೆವು. ಅಂದು ಸಂಜೆ ಎಲ್ಲ ಮಾರಿಹೋಯಿತು. ವ್ಯಾಪಾರ ಭರ್ಜರಿ ಎಂದು ಬಿರಿಯಾನಿ ತರಿಸಿ ತಿಂದೆವು. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ಒಂದು ಸ್ಟೋಲಿನ ಮೇಲೆ ಎಂಟು ಹತ್ತು ಡಾಲರೂ ಉಳಿದಿರಲಿಲ್ಲ.

ಆಗ ನಾವು ಮಾಡಿದ ಕೆಲಸವೇ ಈ ಬರಹಕ್ಕೆ ಕಾರಣ. ನಷ್ಟ ತುಂಬಿಕೊಳ್ಳಲು ಧಾರವಾಡದ ದರವನ್ನು 900ರಿಂದ 750ಕ್ಕೆ ಇಳಿಸಿದೆವು. ಒಂದು ವಾಟ್ಸಾಪ್ ಸಂದೇಶ ಕಳಿಸಿದೆವು, ಅಷ್ಟೇ. ಕಾರಣವನ್ನೂ ಬರೆಯಲಿಲ್ಲ.

ಎರಡು ವಾರದ ನಂತರ ಭಾನುವಾರ ಬೆಳಿಗ್ಗೆ ಫೋನು ಬಂತು. ನಾಲ್ವರಲ್ಲಿ ಹಿರಿಯರು, ನಮ್ಮಷ್ಟೇ ವಯಸ್ಸಿನವರು. ಜಗಳಕ್ಕೆ ಮಾಡಿದ ಫೋನಲ್ಲ. ‘ಅಕ್ಕಾರ, ಕರೀ ಬಟ್ಟಿ ಮ್ಯಾಲೆ ಎಳಿ ಎಣಿಸಿ ಎಣಿಸಿ ಕಣ್ಣಾಗ ನೀರು ಬರ್ತಾವ್ರಿ. ರೇಟ್ ಕಡಿಮಿ ಮಾಡಿದ್ರ ನಾ ಒಲ್ಲೆ ಅನ್ನೂದಿಲ್ಲ. ಆದ್ರ ಯಾಕ ಕಡಿಮಿ ಆತು ಅಂತ ಒಂದ್ ಮಾತು ಹೇಳ್ರಿ. ನನ್ನ ಕೆಲಸದಾಗ ಏನರ ತಪ್ಪು ಬಂತೇನ್ರಿ?’

ಏನು ಹೇಳುವುದು? ‘ತಾಯಿ, ನಿಮ್ಮ ಕೆಲಸದಲ್ಲಿ ತಪ್ಪಿಲ್ಲ; ಇಲ್ಲಿ ಎರಡು ಕಾರು, ನಾಲ್ಕು ಬೆಡ್‌ರೂಮು ಇರುವ ಕನ್ನಡಿಗರಿಗೆ ರಿಯಾಯಿತಿ ಬೇಕಾಗಿತ್ತು, ಅದನ್ನು ನಿಮ್ಮ ಕಣ್ಣಿನಿಂದ ಕಿತ್ತು ಕೊಟ್ಟೆವು’ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಶ್ರೀಮತಿಯವರು ಫೋನು ಇಟ್ಟು ಒಳಗೆ ಹೋದರು. ಡಾಕ್ಟರು ಮೇಜಿನ ಮುಂದೆ ಕುಳಿತು ಕೊನೆಗೂ ಆ ಭಾಗಾಕಾರ ಮಾಡಿದರು. ಗಂಟೆಗೆ 25 ರೂಪಾಯಿ. (ಆ ತಾಯಿಗೆ ನಲವತ್ತು ದಾಟಿದ ಎಲ್ಲರಿಗೂ ಬರುವ ಚಾಳೀಸು ಬಂದಿತ್ತು, ಕನ್ನಡಕ ಇರಲಿಲ್ಲ. ಅದನ್ನು ಆ ವಾರವೇ ಮಾಡಿಸಿದೆವು. ಉಪಕಾರವೆಂದು ಹೇಳುತ್ತಿಲ್ಲ, ಗರಗಸ ಕೊಡದೆ ಬಡಗಿಯನ್ನು ಕೆಲಸಕ್ಕೆ ಕರೆದಂತೆ ಆಗಿತ್ತು.)

ನಮ್ಮ ವೃತ್ತಿಯಲ್ಲಿ ಕೆಲಸಕ್ಕೆ ಹೇಗೆ ಹಣ ಕೇಳುತ್ತೇವೆ ಎಂಬುದನ್ನು ಸದಸ್ಯರಲ್ಲಿ ಡಾಕ್ಟರಾದವರು ಬಲ್ಲರು. ಹಳೆಯ ರೋಗಿಯೊಬ್ಬರನ್ನು ನೋಡಿದ ಸಮಯ 20 ನಿಮಿಷ ದಾಟಿದರೆ 99213 ಎಂಬ ಸಂಖ್ಯೆ, 30 ನಿಮಿಷ ದಾಟಿದರೆ 99214. ರೋಗಿ ಹೋದ ಮೇಲೆ ಕಡತದಲ್ಲಿ ಬರೆದ ಸಮಯವನ್ನೂ ಅದೇ ದಿನದ್ದಾದರೆ ಸೇರಿಸಬಹುದೆಂದು 2021ರಿಂದ ನಿಯಮವಾಗಿದೆ. ನಮ್ಮ ನಿಮಿಷಗಳನ್ನು ಹೀಗೆ ಎಣಿಸಿ ಬಿಲ್ಲು ಮಾಡುವ ನಾವು, ಇನ್ನೊಬ್ಬರು ಎಳೆ ಎಣಿಸಿದ ಗಂಟೆಗಳನ್ನು ‘ಹವ್ಯಾಸ’ ಎನ್ನುತ್ತೇವೆ. ಸಾಫ್ಟ್‌ವೇರ್ ಬಂಧುಗಳೂ ಕಡಿಮೆಯಿಲ್ಲ. ಗಂಟೆಗಿಷ್ಟೆಂದು ಕನ್ಸಲ್ಟಿಂಗ್ ಮಾಡುವವರು ಟೇಬಲ್ಲಿನ ಮುಂದೆ ಬಂದಾಗ ಗಂಟೆ ಎಂಬ ಪದವನ್ನೇ ಮರೆಯುತ್ತಾರೆ. ಪಾಟ್‌ಲಕ್ಕಿನಲ್ಲಿ ತಟ್ಟೆ ಹಿಡಿದು ನಿಂತಾಗ ‘ಡಾಕ್ಟ್ರೇ, ಈ ಮೊಣಕಾಲು ಸ್ವಲ್ಪ ನೋಡಿ’ ಎಂದು ಪ್ಯಾಂಟು ಮೇಲೆತ್ತುವವರ ಮೇಲೆ ಡಾಕ್ಟರುಗಳಿಗೆಲ್ಲ ಸಿಟ್ಟಿದೆ. ಆ ಸಿಟ್ಟನ್ನು ನೆನಪಿಟ್ಟುಕೊಂಡು ಬಟ್ಟೆಯ ಟೇಬಲ್ಲಿನ ಹತ್ತಿರ ಹೋದರೆ ಸಾಕು.

ಇರಲಿ, ಬಾಯಿಮಾತು ಬೇಡ, ಲೆಕ್ಕವನ್ನೇ ಇಡುತ್ತೇವೆ. ಅದಾದ ಮೇಲೆ ದರ ಬದಲಾಯಿಸಿ ಈಗ ಕಸೂತಿಗೆ ಗಂಟೆಗೆ 100 ರೂಪಾಯಿ ಕೊಡುತ್ತೇವೆ, ಇದೂ ಹೆಚ್ಚೇನಲ್ಲ. ಸ್ಟೋಲಿಗೆ 3,000 ರೂಪಾಯಿ, ಡಾಲರಿಗೆ 85ರಂತೆ ಹಿಡಿದರೆ ಸುಮಾರು 35 ಡಾಲರ್. ಕೈಮಗ್ಗದ ಬಟ್ಟೆ ಮತ್ತು ದಾರ 9. ಅಂಚು ಮಡಿಸುವುದು, ಒಗೆದು ಇಸ್ತ್ರಿ ಮಾಡುವುದು, ಲೇಬಲ್ ಹೊಲಿಯುವುದು 6. ಧಾರವಾಡದಿಂದ ಇಲ್ಲಿಗೆ ತರಿಸುವ ಖರ್ಚು ಮತ್ತು ಸುಂಕದ ಪಾಲು 14. ಇಲ್ಲಿಂದ ಗಿರಾಕಿಯ ಮನೆಗೆ ಡಬ್ಬಿ ಮತ್ತು ಅಂಚೆ 7. ನಾವು ಅಂಗಡಿ ಇಟ್ಟಿರುವುದು ಎಟ್ಸಿಯಲ್ಲಿ. ಅವರು ಪಟ್ಟಿಯಲ್ಲಿ ಹಾಕಲು 20 ಸೆಂಟ್, ಮಾರಾಟದ ಮೇಲೆ ನೂರಕ್ಕೆ 6.5, ಹಣ ಪಾವತಿ ಮಾಡಿಸಿಕೊಟ್ಟದ್ದಕ್ಕೆ ನೂರಕ್ಕೆ 3 ಮತ್ತು ಮೇಲೆ 25 ಸೆಂಟ್ ಹಿಡಿಯುತ್ತಾರೆ. ಈಗಿನ ಬೆಲೆ 145 ಡಾಲರಿಗೆ ಇದೆಲ್ಲ ಸೇರಿ 14 ಡಾಲರಿಗೆ ಸ್ವಲ್ಪ ಮೇಲೆ. ಒಟ್ಟು 85. ಉಳಿಯುವ 60ರಲ್ಲಿ ಫೋಟೋ, ವಾಪಸು ಬಂದ ಮಾಲು, ಬಣ್ಣ ಬಿಟ್ಟ ಬಟ್ಟೆ, ಶ್ರೀಮತಿಯವರ ಸಮಯ, ಕೊನೆಗೆ ವರಮಾನ ತೆರಿಗೆ. ನಮ್ಮ ಹಿರಿಯರು ಹೇಳಿದ 30 ಪ್ರತಿಶತ ಎಂದರೆ 43 ಡಾಲರ್ 50 ಸೆಂಟ್. ಟೇಬಲ್ಲಿನಲ್ಲಿ ನೇರವಾಗಿ ಮಾರಿದರೆ ಎಟ್ಸಿಯ ಪಾಲೂ ಅಂಚೆಯೂ ಉಳಿಯುತ್ತವೆ, ನಿಜ. ಆ ಉಳಿತಾಯವನ್ನು, ಅಂದರೆ 21 ಡಾಲರನ್ನು, ಟೇಬಲ್ಲಿಗೆ ಬಂದವರಿಗೆ ಬಿಡಲು ನಾವು ತಯಾರಿದ್ದೇವೆ. ಅದರ ಮೇಲಿನದು ಯಾರ ಜೇಬಿನಿಂದ ಬರಬೇಕು ಎಂಬುದನ್ನು ಸಲಹೆ ಕೊಟ್ಟವರು ಬರೆದು ತಿಳಿಸಲಿ.

ಸುಂಕದ ಮಾತು ಬಂದದ್ದರಿಂದ ಒಂದು ವಿವರ. 800 ಡಾಲರಿಗಿಂತ ಕಡಿಮೆಯ ಪಾರ್ಸೆಲ್ಲುಗಳಿಗೆ ಈ ದೇಶದಲ್ಲಿ ಇದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ರಂದು ನಿಂತಿತು. ಅದಕ್ಕೆ ಎರಡು ದಿನ ಮೊದಲು ಭಾರತದ ಬಹುಪಾಲು ಸರಕಿನ ಮೇಲೆ ಹೆಚ್ಚುವರಿ ಸುಂಕ 50 ಪ್ರತಿಶತಕ್ಕೆ ಏರಿತ್ತು. ಮುಂದೆ ಅದು ಬದಲಾಯಿತು. ಆ ದಿನಗಳಲ್ಲಿ ಭಾರತದ ಅಂಚೆ ಇಲಾಖೆ ಇಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಕೆಲವು ವಾರ ನಿಲ್ಲಿಸಿತ್ತು. ನಮ್ಮ ಹದಿನಾಲ್ಕು ಸ್ಟೋಲು ವೈನಿಯವರ ಅಟ್ಟದ ಮೇಲೆ ದೀಪಾವಳಿ ಕಳೆದವು. ದೊಡ್ಡ ಕಂಪನಿಗಳು ಇಂಥ ಪೆಟ್ಟು ತಿಂದು ಬದುಕುತ್ತವೆ. ಮನೆಯ ನೆಲಮಾಳಿಗೆಯಲ್ಲಿ ನಡೆಯುವ ಅಂಗಡಿಗೆ ಒಂದು ಹಬ್ಬ ತಪ್ಪಿದರೆ ಆ ವರ್ಷವೇ ಹೋಯಿತು.

ಈಗ ವಿರೋಧದ ಮಾತುಗಳಿಗೆ ಬರೋಣ.

‘ಧಾರವಾಡದಲ್ಲಿ ಖರ್ಚು ಕಡಿಮೆ, ಅಲ್ಲಿಗೆ ಅದೇ ದೊಡ್ಡದು’ ಎನ್ನುವವರಿದ್ದಾರೆ. ಗಂಟೆಗೆ 30 ರೂಪಾಯಿಯಂತೆ ಎಂಟು ಗಂಟೆಗೆ 240 ರೂಪಾಯಿ. ಧಾರವಾಡದಲ್ಲಿ ಗಾರೆಯ ಬುಟ್ಟಿ ಹೊತ್ತರೂ ಅದಕ್ಕಿಂತ ಹೆಚ್ಚು ಸಿಗುತ್ತದೆ. ಗಾರೆ ಹೊರುವುದನ್ನು ಹೀಗಳೆಯುತ್ತಿಲ್ಲ. ಇಪ್ಪತ್ತು ವರ್ಷ ಕಲಿತ ಕೈಗೆ ಕಲಿಯದ ಕೈಗಿಂತ ಕಡಿಮೆ ಕೂಲಿ ಬಂದರೆ ಮಗಳಿಗೆ ಕಸೂತಿ ಕಲಿಸುವ ತಾಯಿ ಯಾರು? ಆಮೇಲೆ ನಾವು ಇಲ್ಲಿ ‘ನಮ್ಮ ಪರಂಪರೆ ನಶಿಸುತ್ತಿದೆ’ ಎಂದು ಸ್ಮರಣ ಸಂಚಿಕೆಯಲ್ಲಿ ಲೇಖನ ಬರೆಯುತ್ತೇವೆ.

‘ಮೆಷೀನಿನಲ್ಲಿ ಇದೇ ಡಿಸೈನು ಬರುತ್ತದೆ’ ಎನ್ನುವುದು ಇನ್ನೊಂದು ಮಾತು. ಬರುತ್ತದೆ. ಬೇಕಾದವರು ಕೊಳ್ಳಲಿ, ಅದರಲ್ಲಿ ಪಾಪವಿಲ್ಲ. ಆದರೆ ಅದನ್ನು ಕಸೂತಿ ಎಂದು ಕರೆಯಬೇಡಿ, ಅದರ ಬೆಲೆಯನ್ನು ಇದಕ್ಕೆ ಹೋಲಿಸಬೇಡಿ. ಗುರುತಿಸುವುದು ಸುಲಭ: ಬಟ್ಟೆ ತಿರುಗಿಸಿ. ಎದೆಯ ಎಕ್ಸ್‌ರೇಯನ್ನು ಮುಂದಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುವ ಹಾಗೆ, ಬಟ್ಟೆಗೂ ಎರಡು ನೋಟ ಬೇಕು. ಮೆಷೀನಿನದಾದರೆ ಹಿಂಬದಿಯಲ್ಲಿ ಬಾಬಿನ್ನಿನ ದಾರ ಒತ್ತಾಗಿ ಕೂತಿರುತ್ತದೆ, ಕೆಲವೊಮ್ಮೆ ಕಾಗದದಂಥ ಒಂದು ಪದರವೂ ಅಂಟಿರುತ್ತದೆ. ಗವಂತಿಯ ಹಿಂಬದಿ ಮುಂಬದಿಯಂತೆಯೇ ಇರುತ್ತದೆ.

ಇದೇ ಬಾಂಧವರು ಬೇಸಿಗೆಯಲ್ಲಿ ಇಂಡಿಯಾನಾದ ಶಿಪ್‌ಶೆವಾನಾಕ್ಕೆ ಹೋಗುತ್ತಾರೆ. ನಾವೂ ಹೋಗಿದ್ದೇವೆ. ಅಲ್ಲಿ ಆಮಿಷ್ ಹೆಂಗಸರು ಕೈಯಲ್ಲಿ ಹೊಲಿದ ಕೌದಿಗೆ, ಕ್ವಿಲ್ಟಿಗೆ, ಸಾವಿರ ಡಾಲರ್ ಚೀಟಿ ಇದ್ದರೂ ಯಾರೂ ‘ನಮ್ಮವರ ರೇಟು’ ಕೇಳುವುದಿಲ್ಲ. ಮೆಲ್ಲಗೆ ಮುಟ್ಟಿ ನೋಡಿ, ‘ಎಷ್ಟು ತಾಳ್ಮೆ ಅಲ್ವಾ’ ಎಂದು ಹೊಗಳಿ, ಕಾರ್ಡು ಕೊಡುತ್ತಾರೆ. ನಮ್ಮಜ್ಜಿ ಹೊಲಿದ ಕೌದಿಯನ್ನು ಮಾತ್ರ ಕಾರಿನ ಡಿಕ್ಕಿಯಲ್ಲಿ ಹಾಸಲು ಬಳಸುತ್ತೇವೆ.

ಮೂರನೆಯದು ಸ್ವಲ್ಪ ಗಟ್ಟಿಯಾದ ವಿರೋಧ, ಅದನ್ನು ತಳ್ಳಿಹಾಕಲಾರೆವು. ಹೊಸದಾಗಿ ಬಂದ ಕುಟುಂಬಗಳಿಗೆ, ವಿದ್ಯಾರ್ಥಿಗಳಿಗೆ 145 ಡಾಲರ್ ದೊಡ್ಡ ಮೊತ್ತ. ಹೌದು. ರೆಸಿಡೆನ್ಸಿಯ ದಿನಗಳಲ್ಲಿ ನಾವೂ ಗುಡ್‌ವಿಲ್ ಅಂಗಡಿಯ ಕೋಟು ಹಾಕಿಕೊಂಡೇ ಚಳಿಗಾಲ ಕಳೆದವರು. ಅದಕ್ಕೆ ಉಪಾಯ ಚಿಕ್ಕ ವಸ್ತು, ಕಡಿಮೆ ಗಂಟೆ. ಒಂದು ಕಮಲದ ಕರವಸ್ತ್ರ 18 ಡಾಲರಿಗೆ ಇಟ್ಟಿದ್ದೇವೆ. ಕಂತಿನಲ್ಲಿ ಕೊಟ್ಟರೂ ಬೇಡವೆನ್ನುವುದಿಲ್ಲ. ಆದರೆ ನಮ್ಮ ಅನುಭವದಲ್ಲಿ ಚೌಕಾಶಿ ಮಾಡಿದವರು ವಿದ್ಯಾರ್ಥಿಗಳಲ್ಲ. ಆ ಮಕ್ಕಳು ಬೆಲೆ ಚೀಟಿ ನೋಡಿ ಸುಮ್ಮನೆ ಮುಂದೆ ಹೋಗುತ್ತಾರೆ, ಇಲ್ಲವೇ ಸುಮ್ಮನೆ ಕೊಳ್ಳುತ್ತಾರೆ.

‘ಕೈಯಿಂದ ಮಾಡಿದ್ದು’ ಎಂಬ ಮಾತೇ ಈಗ ಎಲ್ಲೆಡೆ ಸಡಿಲವಾಗಿದೆ. ಎಟ್ಸಿ 2005ರಲ್ಲಿ ಕೈಕೆಲಸದವರಿಗೆಂದೇ ಶುರುವಾಯಿತು. 2013ರಲ್ಲಿ ಹೊರಗಿನ ತಯಾರಕರಿಂದ ಮಾಡಿಸಿ ಮಾರಲು ಬಾಗಿಲು ತೆರೆಯಿತು. 2022ರ ಏಪ್ರಿಲ್‌ನಲ್ಲಿ ಮಾರಾಟದ ಪಾಲನ್ನು ನೂರಕ್ಕೆ 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಸಣ್ಣ ಅಂಗಡಿಯವರು ಒಂದು ವಾರ ಬಾಗಿಲು ಹಾಕಿ ಮುಷ್ಕರ ಹೂಡಿದರು. ದರ ಇಳಿಯಲಿಲ್ಲ. ಬೇರೆಯವರು ಹಿಂಡಿದರೆ ವ್ಯವಹಾರ, ನಮ್ಮವರು ಹಿಂಡಿದರೆ ಪ್ರೀತಿ!

ಊರಿನ ಕಡೆಯೂ ಇದೇ ಕಥೆ. ನಾವು ಓದಿದ ಕೆ.ಎಂ.ಸಿ.ಯಿಂದ ಬೆಂಗೇರಿ ದೂರವಲ್ಲ. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು, ಮಾನಕ ಸಂಸ್ಥೆಯ ಒಪ್ಪಿಗೆ ಪಡೆದು ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ. ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದ ಬಟ್ಟೆಯ ಧ್ವಜ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಮೆಷೀನಿಗೂ ಅವಕಾಶ ಕೊಟ್ಟರು. 2022ರ ಆಗಸ್ಟ್‌ನಲ್ಲಿ ದೇಶವೆಲ್ಲ ಪಾಲಿಯೆಸ್ಟರ್ ಧ್ವಜ ಹಾರಿತು, ನಮ್ಮ ಸಂಘದ ಪೆರೇಡಿನಲ್ಲೂ ಹಾರಿತು; ಡಾಲರಿಗೆ ಎಷ್ಟೋ ಬಂದವೆಂದು ಖಜಾಂಚಿಯವರಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಬೆಂಗೇರಿಯ ಖಾದಿ ಕೆಲಸಗಾರರು ಅದೇ ಹೊತ್ತಿಗೆ ಧ್ವಜದ ಬೇಡಿಕೆ ಕುಸಿದಿದೆ ಎಂದು ಪ್ರತಿಭಟನೆ ಮಾಡುತ್ತಿದ್ದರು.

ಕೊಳ್ಳುವವರನ್ನೇ ಬೈದರೆ ಅನ್ಯಾಯ. ಮಾರುವವರ ತಪ್ಪೂ ಇದೆ, ಮತ್ತೆ ನಮ್ಮದೇ ಉದಾಹರಣೆ. ಮೊದಲ ವರ್ಷ ಖಣದ ಬಟ್ಟೆಯನ್ನು ಒಂದು ಸಗಟು ಅಂಗಡಿಯಿಂದ 20 ಮೀಟರ್ ತರಿಸಿದೆವು. ‘ಗುಳೇದಗುಡ್ಡದ ಕೈಮಗ್ಗದ್ದು’ ಎಂದು ಅಂಗಡಿಯವರು ಹೇಳಿದರು, ನಾವು ಹಾಗೆಯೇ ಬರೆದು ಮಾರಿದೆವು. ಮರುವರ್ಷ ನೇಕಾರರ ಮನೆಯಿಂದಲೇ ಬಂದ ನೆಂಟರೊಬ್ಬರು ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ, ‘ಇದು ವಿದ್ಯುತ್ ಮಗ್ಗದ್ದು, ರೇಷ್ಮೆಯೂ ಅಲ್ಲ’ ಎಂದರು. ಎಳೆ ಸುಟ್ಟು ನೋಡಿದರೆ ಕರಗಿ ಗುಂಡಾಗಿ ಗಟ್ಟಿಯಾಯಿತು. ಅಷ್ಟರಲ್ಲಿ ಹನ್ನೊಂದು ಜಾಕೀಟು ಮಾರಿಹೋಗಿದ್ದವು. ಹನ್ನೊಂದು ಜನರಿಗೂ ಬರೆದೆವು, ಹಣ ಹಿಂತಿರುಗಿಸಿದೆವು. ರೋಗನಿದಾನ ತಪ್ಪಿದರೆ ರೋಗಿಗೆ ಹೇಳಬೇಕು ಎಂದು ಕಲಿತವರು ಬಟ್ಟೆಯ ವಿಷಯದಲ್ಲಿ ಸುಮ್ಮನಿರುವುದು ಹೇಗೆ? ಇಬ್ಬರು ಮತ್ತೆ ಬರಲಿಲ್ಲ. ಒಂಬತ್ತು ಜನ ಬಂದಿದ್ದಾರೆ.

ಹೊಸದಾಗಿ ಇಂಥ ಅಂಗಡಿ ತೆರೆಯಬೇಕೆಂದಿರುವ ಸದಸ್ಯೆಯರು ನಮಗೆ ಫೋನು ಮಾಡುತ್ತಿರುತ್ತಾರೆ. ಅವರಿಗೆ ಮೊದಲ ಮಾತು: ‘ಟೈಮ್‌ಪಾಸ್‌ಗೆ ಮಾಡ್ತೀನಿ’ ಎಂದು ನೀವೇ ಹೇಳಬೇಡಿ. ಸರಕಾರವೂ ಆ ಮಾತನ್ನು ನಿಮ್ಮ ವಿರುದ್ಧವೇ ಬಳಸುತ್ತದೆ. ಹವ್ಯಾಸವೆಂದಾದರೆ ಬಂದ ಲಾಭಕ್ಕೆ ತೆರಿಗೆ ಕಟ್ಟಬೇಕು, ಅಂಗಡಿ ನಡೆಸಿದ ಖರ್ಚನ್ನು ಕಳೆಯುವಂತಿಲ್ಲ. ಐದು ವರ್ಷದಲ್ಲಿ ಮೂರು ವರ್ಷ ಲಾಭ ತೋರಿಸಿದರೆ ಅದನ್ನು ವ್ಯಾಪಾರವೆಂದು ನಂಬುತ್ತಾರೆ. ಬಟ್ಟೆಗೆ ಯಾವ ನಾರು ಎಷ್ಟು, ಯಾವ ದೇಶದಲ್ಲಿ ಆದದ್ದು, ಮಾರುವವರು ಯಾರು, ಹೇಗೆ ಒಗೆಯಬೇಕು ಎಂಬ ಲೇಬಲ್ ಇರಲೇಬೇಕು. ಇದು 1958ರ ಕಾನೂನಿನಿಂದ ಬಂದದ್ದು, ಒಗೆಯುವ ಸೂಚನೆ 1971ರಿಂದ. ಹನ್ನೆರಡು ವರ್ಷದೊಳಗಿನ ಮಕ್ಕಳ ಉಡುಪು ಮಾರುವವರಿಗೆ 2008ರ ಕಾನೂನು ಬೇರೆ ಇದೆ. ಬರೀ ಬಟ್ಟೆಗೆ ಸೀಸದ ಪರೀಕ್ಷೆ ಬೇಡ, ಆದರೆ ಬಣ್ಣ ಹಚ್ಚಿದ ಗುಂಡಿ, ಜಿಪ್ಪು, ಕನ್ನಡಿ ಇದ್ದರೆ ವಿಚಾರಿಸಿಕೊಳ್ಳಲೇಬೇಕು. ಸೀಸ ಮಗುವಿನ ಮಿದುಳಿಗೆ ಏನು ಮಾಡುತ್ತದೆಂದು ಮಿಷಿಗನ್ನಿನಲ್ಲಿ, ಫ್ಲಿಂಟ್ ಊರಿನ ನೀರು ಕಂಡ ಮೇಲೆ, ವಿವರಿಸಬೇಕಾಗಿಲ್ಲ. ನಾವು ಮಕ್ಕಳ ಲಂಗ ಮಾರುವ ಯೋಚನೆಯನ್ನು ಈ ಕಾರಣಕ್ಕೇ ಕೈಬಿಟ್ಟೆವು.

ಎಚ್-4 ವೀಸಾದಲ್ಲಿರುವ ತಂಗಿಯರಿಗೆ ಪ್ರತ್ಯೇಕವಾಗಿ ಒಂದು ಮಾತು. ಕೆಲಸದ ಪರವಾನಗಿ ಇಲ್ಲದೆ ಮಾರಬೇಡಿ. ‘ಸಂಘದಲ್ಲಿ ತಾನೆ, ನಮ್ಮವರಿಗೆ ತಾನೆ’ ಎಂದು ಧೈರ್ಯ ಹೇಳುವವರು ನಾಳೆ ವಕೀಲರ ಫೀಸು ಕೊಡುವುದಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ 2015ರ ಮೇ ತಿಂಗಳಿನಿಂದ ಪರವಾನಗಿ ಸಿಗುತ್ತಿದೆ. ಆದರೆ ನವೀಕರಣದ ಅರ್ಜಿ ಹಾಕಿ ಕಾಯುವಾಗ ತಾನಾಗಿ ಸಿಗುತ್ತಿದ್ದ ವಿಸ್ತರಣೆ 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ನಿಂತಿತು. ಇಂಥ ಪರವಾನಗಿಗೆ ವರ್ಷಗಟ್ಟಲೆ ಕಾದು, ಎಂಜಿನಿಯರಿಂಗ್ ಓದಿದ್ದನ್ನು ಪೆಟ್ಟಿಗೆಯಲ್ಲಿಟ್ಟು, ಕಡೆಗೆ ತನ್ನದೇ ಎಂದು ಒಂದು ಹೊಲಿಗೆಯ ಅಂಗಡಿ ತೆರೆದ ಹುಡುಗಿಯೊಬ್ಬಳು ನಮ್ಮ ಸಂಘದಲ್ಲೇ ಇದ್ದಾಳೆ. ಅವಳಿಗೆ ಅದು ಹವ್ಯಾಸವಲ್ಲ. ಯುಗಾದಿಯ ಸಭೆಯಲ್ಲಿ ಅವಳು ಕೊನೆಯ ಸಾಲಿನಲ್ಲಿ ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ‘ಮನೆಯಲ್ಲಿ ಕೂತು’ ಎಂಬ ಮಾತು ಬಂದಾಗ ಅವಳ ಮುಖ ನೋಡಿದ್ದೇವೆ.

ಸಮಿತಿಯವರಲ್ಲಿ ಅರಿಕೆ ಇಷ್ಟು. ಟೇಬಲ್ಲಿಗೆ ಬಾಡಿಗೆ ಹಾಕಿರಿ. ಎಲ್ಲರಿಗೂ ಒಂದೇ ಇರಲಿ, ಸಮೋಸ ಮಾರುವವರಿಗೂ, ವಿಮೆ ಮಾರುವವರಿಗೂ, ಮನೆ ಮಾರುವ ಏಜೆಂಟರಿಗೂ. (ಮನೆ ಮಾರುವವರಿಗೆ ಕಮಿಷನ್ನಿನಲ್ಲಿ 30 ಪ್ರತಿಶತ ಬಿಡಿ ಎಂದು ಯಾರೂ ಕೇಳಿಲ್ಲ, ಗಮನಿಸಿರಿ.) ರಿಯಾಯಿತಿ ಕೊಡುವುದು ಬಿಡುವುದು ಮಾರುವವರ ಇಷ್ಟಕ್ಕೆ ಬಿಡಿ. ‘ಕೈಮಗ್ಗ’, ‘ಕೈಕಸೂತಿ’ ಎಂದು ಬರೆದು ಮಾರುವವರು ಎಲ್ಲಿ, ಯಾರಿಂದ, ಹೇಗೆ ಎಂದು ಕೇಳಿದವರಿಗೆ ಉತ್ತರ ಕೊಡಬೇಕು ಎಂಬ ನಿಯಮ ಮಾಡುವುದಾದರೆ ಮೊದಲ ಸಹಿ ನಮ್ಮದು. ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಸಲಹೆ ಕೊಟ್ಟ ಹಿರಿಯರು ಉತ್ತರ ಬರೆದರೆ ಸಂತೋಷ. ಅವರ ಮೇಲೆ ನಮಗೆ ಗೌರವ ಕಡಿಮೆಯಾಗಿಲ್ಲ. ಅವರ ಮೊಣಕಾಲನ್ನು ಈ ಸಲವೂ ಪಾಟ್‌ಲಕ್ಕಿನಲ್ಲೇ ನೋಡುತ್ತೇವೆ.

ನವೆಂಬರಿನಲ್ಲಿ ಟೇಬಲ್ ಸಿಕ್ಕರೆ ಬಾಗಿಲ ಪಕ್ಕದಲ್ಲೇ ಇರುತ್ತೇವೆ. ಪ್ರತಿ ಸ್ಟೋಲಿನ ಚೀಟಿಯ ಮೇಲೆ ಬೆಲೆಯ ಪಕ್ಕದಲ್ಲಿ ಗಂಟೆಯನ್ನೂ ಬರೆದಿರುತ್ತೇವೆ: 30, 34, ಒಂದರ ಮೇಲೆ 41, ಅದರಲ್ಲಿ ಎರಡು ತೇರುಗಳಿವೆ. ಎಣಿಸಿದವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆಯಬೇಕೆಂದಿದ್ದೇವೆ. ಧಾರವಾಡದ ಆ ತಾಯಿ ಮಾತ್ರ ಇನ್ನೂ ಒಪ್ಪಿಲ್ಲ. ‘ಹೆಸರು ಯಾಕ್ರಿ ಅಕ್ಕಾರ, ಹಿಂದ ಮುಂದ ಒಂದ ಸಮ ಐತೋ ಇಲ್ಲೋ ಅಷ್ಟ ನೋಡಾಕ ಹೇಳ್ರಿ’ ಎಂದಿದ್ದಾರೆ.